ಅಡ್ಡಹೆಸರಿನ ಖಾನೆ

ಆ ಸಾಫ್ಟ್‌ವೇರ್ ಬರೆದ ಪುಣ್ಯಾತ್ಮ ಯಾರೋ, ಯೆರವಡಾದ ಗುಡಿಸಲುಗಳ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು. ಮೂರೂ ಖಾನೆ ತುಂಬದಿದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗುತ್ತಿರಲಿಲ್ಲ. 2003ರಲ್ಲಿ ಗುಡಿಸಲು ಕೆಡವಿ, ಅದರ ಬದಲು ಖೋಲಿ, ಅಂದರೆ ಒಂದು ಕೋಣೆಯ ಮನೆ, ಯಾರಿಗೆ ಸಿಗಬೇಕೆಂಬ ಪಟ್ಟಿ ತಯಾರಿಸುವ ಗುತ್ತಿಗೆ ಕಚೇರಿಯಲ್ಲಿ ನಾನು ಆಪರೇಟರ್. ಪಟ್ಟಿಯಲ್ಲಿದ್ದವರಿಗೆ ಖೋಲಿ, ಇಲ್ಲದವರಿಗೆ ರಸ್ತೆ.

ಸಾಲಿನಲ್ಲಿ ಮೊದಲು ನಿಂತವಳು ಹುಲಿಗೆವ್ವ. ಗಂಡ ತೀರಿದ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತಗಡಿನ ಕೆಳಗೆ ಬದುಕುತ್ತಿದ್ದಳು, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು.

“ಅಡ್ಡಹೆಸರು ಹೇಳ್ರಿ ಅಕ್ಕಾರ.”

“ಹುಲಿಗೆವ್ವ ಅಂದ್ರ ಹುಲಿಗೆವ್ವರಿ. ಅದಕ್ಕ ಅಡ್ಡ ಎಲ್ಲಿಂದ ತರ್ಲಿ?”

ಖಾನೆ ಖಾಲಿ ಬಿಟ್ಟೆ, ಕೆಂಪಕ್ಷರ ಬಂತು. ಚುಕ್ಕೆ ಇಟ್ಟೆ, ಮತ್ತೆ ಕೆಂಪಕ್ಷರ. ನಮ್ಮ ಸಾಹೇಬರು ಮಾರ್ತಾಂಡ. ಅವರನ್ನು ಕೇಳಿದರೆ, ಏನಾದರೂ ತುಂಬು, ಸಂಜೆಯೊಳಗೆ ಪಟ್ಟಿ ಬೇಕು ಎಂದು ಮರಾಠಿಯಲ್ಲಿ ಗದರಿದರು. ಹುಲಿಗೆವ್ವನ ಹಿಂದೆ ಇನ್ನೂ ನಲವತ್ತು ಜನ, ಎಲ್ಲ ಕೂಲಿಗೆಂದು ಬಂದ ನಮ್ಮ ಕನ್ನಡದ ಕಡೆಯವರೇ, ಅವರಿಗೂ ಅಡ್ಡಹೆಸರಿಲ್ಲ. ತಲೆ ಕೆಟ್ಟು ನನ್ನದೇ ಅಡ್ಡಹೆಸರು ಒತ್ತಿಬಿಟ್ಟೆ: ಹಂಚಿನಾಳ. ಕಂಪ್ಯೂಟರ್ ತೆಪ್ಪಗೆ ಒಪ್ಪಿಕೊಂಡಿತು. ಸಂಜೆಯ ಹೊತ್ತಿಗೆ ನಲವತ್ತೊಂದು ಜನ ಹಂಚಿನಾಳರಾಗಿದ್ದರು. ದೊಡ್ಡ ಉಪಕಾರ ಮಾಡಿದವನ ಹಾಗೆ ಬೀಗುತ್ತ ಮನೆಗೆ ಹೋದೆ.

ವಾರದ ಮೇಲೆ ಪಟ್ಟಿ ಅಂಟಿಸಿದರು. ನಲವತ್ತೊಂದು ಗುಡಿಸಲಿಗೆ ಒಂದೇ ಖೋಲಿ! ಅಡ್ಡಹೆಸರು ಒಂದೇ, ಕೇರಿ ಒಂದೇ, ಹಾಗಾಗಿ ಕುಟುಂಬವೂ ಒಂದೇ ಎಂದು ಕಂಪ್ಯೂಟರ್ ತೀರ್ಮಾನಿಸಿತ್ತು. ತಂದೆಯ ಹೆಸರು, ಗಂಡನ ಹೆಸರು ಬೇರೆ ಬೇರೆ ಇವೆಯಲ್ಲ ಎಂದೆ. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದರು ಸಾಹೇಬರು. ಆ ಡಬ್ಬಿಯನ್ನು ಎತ್ತಿ ಹೊಳೆಗೆ ಎಸೆಯುವಷ್ಟು ಸಿಟ್ಟು ಬಂತು ನನಗೆ.

ಹುಲಿಗೆವ್ವ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಸಾಫ್ಟ್‌ವೇರಿನವನನ್ನು, ಸಾಹೇಬರನ್ನು, ಸರಕಾರವನ್ನು ಬಾಯಿಗೆ ಬಂದಂತೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಹಂಚಿನಾಳ ಅಂದ್ರ ಏನ್ರಿ?”

“ನಮ್ಮೂರ ಹೆಸರು.”

“ನಮಗೂ ಊರು ಅದಾವಲ್ರಿ. ಒಬ್ಬೊಬ್ಬರದು ಒಂದೊಂದು. ಏನು ಬರಿಯಾಕತ್ತೀನಿ ಅಂತ ಆವತ್ತು ಒಂದು ಮಾತು ಓದಿ ಹೇಳಿದ್ರ, ನಾವ ಹೇಳ್ತಿದ್ವಿ.”

ನನಗೆ ನಾಚಿಕೆಯಾಯಿತು. ಕಂಪ್ಯೂಟರಿನ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡು ಕೂತವನು ನಾನೇ ಅಲ್ಲವೇ? ಅಲ್ಲೇ ಕಾಗದ ತೆಗೆದು, ತಪ್ಪು ನನ್ನದು, ನಲವತ್ತೊಂದೂ ಬೇರೆ ಬೇರೆ ಕುಟುಂಬ ಎಂದು ಬರೆದು ಸಹಿ ಹಾಕಿದೆ. ಕೆಲಸ ಹೋಗುವುದು ಖಾತ್ರಿಯಾಗಿತ್ತು. ಒಳಗೆ ಹೋಗಲು ಎದ್ದರೆ ಹುಲಿಗೆವ್ವ ಅಂಗಿಯ ತೋಳು ಹಿಡಿದು ಕೂರಿಸಿದಳು.

“ಮೊದಲ ನನಗ ಓದಿ ಹೇಳ್ರಿ.”

ಓದಿದೆ. ಇನ್ನೊಮ್ಮೆ ಓದಿಸಿದಳು.

“ಹ್ಞೂಂ, ಈಗ ಕೊಡ್ರಿ” ಎಂದು ತೋಳು ಬಿಟ್ಟಳು.