ನೆಟ್ ಮರದಲ್ಲಿ ಒಂದೇ ರಿಂಗ್

ನಾನು ಒಂದು ಮೊಬೈಲ್ ಫೋನು. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಮೊದಲ ಒಡೆಯ ನನ್ನ ಗಾಜು ಒಡೆದ ದಿನವೇ ನನ್ನನ್ನು ಮಾರಿಬಿಟ್ಟ. ನನ್ನ ಋಣ ಇದ್ದದ್ದು ಆಫ್ರಿಕದ ಮಲಾವಿ ದೇಶದಲ್ಲಿ, ಸರೋವರದ ದಂಡೆಯ ಒಂದು ಹಳ್ಳಿಯಲ್ಲಿ. ಜೋಹಾನ್ಸ್‌ಬರ್ಗ್‌ಗೆ ಮನೆಗೆಲಸಕ್ಕೆ ಹೊರಟ ತಿಯಾಮಿಕೆ ತನ್ನ ನಂಬರಿನ ಜೊತೆ ತನ್ನ ಮುಖದ ಚಿತ್ರವನ್ನೂ ನನ್ನೊಳಗಿಟ್ಟು, ನನ್ನನ್ನು ತಾಯಿ ಎನೆಲೇಸಿಯ ಕೈಗೆ ಕೊಟ್ಟಳು.

ಆ ಊರಿಗೆ ಕರೆಂಟಿಲ್ಲ. ಕ್ಷೌರಿಕ ಲಾಮೆಕ್‌ನ ಸೋಲಾರ್ ಹಲಗೆಯೇ ನನಗೆ ಅನ್ನದಾತ. ನೆಟ್ ಸಿಗುವುದು ದಿಬ್ಬದ ಮೇಲಿನ ಒಂದು ದೈತ್ಯ ಮರದಲ್ಲಿ ಮಾತ್ರ. ಸಂಜೆಯಾದರೆ ಊರಿನವರು ಫೋನುಗಳನ್ನು ಬಾವಲಿಗಳ ಹಾಗೆ ಕೊಂಬೆಗೆ ನೇತುಹಾಕಿ ಕೆಳಗೆ ಕೂರುತ್ತಾರೆ. ಡೇಟಾಕ್ಕೆ ಚಿನ್ನದ ಬೆಲೆ. ಹಾಗಾಗಿ ಮಾತಿಲ್ಲ, ನೆಟ್ ಕರೆ ಒಂದೇ ರಿಂಗಾಗಿ ನಿಂತರೆ 'ಚೆನ್ನಾಗಿದ್ದೇನೆ' ಎಂದರ್ಥ. ಎತ್ತಿದರೆ ಇಬ್ಬರಿಗೂ ಖರ್ಚು. ಮಗಳು ಒಂದು ರಿಂಗ್ ಕೊಡುವಳು, ತಾಯಿ ಒಂದು ತಿರುಗಿಸುವಳು. ಎಂಥ ಜಿಪುಣ ಪ್ರೀತಿಯಪ್ಪಾ ಎಂದು ನಗುತ್ತಿದ್ದೆ.

ಒಂದು ಮಳೆಗಾಲ ಮಗಳ ರಿಂಗ್ ನಿಂತಿತು. ಜೋಹಾನ್ಸ್‌ಬರ್ಗ್‌ನಿಂದ ಬಂದ ಊರಿನವನೊಬ್ಬ ಅವಳ ಬಟ್ಟೆಗಂಟು ತಂದುಕೊಟ್ಟ. ಜ್ವರ ಬಂದು ಹೋದಳು, ಅಲ್ಲೇ ಮಣ್ಣು ಮಾಡಿದೆವು ಎಂದ.

"ನಾನು ಮುಖ ನೋಡಿಲ್ಲ," ಎಂದಳು ಎನೆಲೇಸಿ. ಅಳಲಿಲ್ಲ. ದಿನವೂ ಮಗಳ ನಂಬರಿಗೆ ರಿಂಗ್ ಕೊಡುವುದನ್ನೂ ಬಿಡಲಿಲ್ಲ. ಆ ಕರೆಗಳು ಎಲ್ಲಿಗೂ ತಲುಪದೆ ನನ್ನೊಳಗೇ ಸಾಯುತ್ತಿದ್ದವು. ನನಗೆ ಭಯವಾಗುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ, ಎಲೆಯೂ ಅಲುಗದ ಒಂದು ಸಂಜೆ, ನಾನು ತಟ್ಟನೆ ಬೆಳಗಿದೆ. ತಿಯಾಮಿಕೆಯ ಮುಖ. ಒಂದೇ ರಿಂಗ್. ಕೆಳಗೆ ಕೂತವರೆಲ್ಲ ಎದ್ದು ದೂರ ಸರಿದರು.

"ನಿಂತುಹೋದ ನಂಬರನ್ನ ಕಂಪನಿಯವ್ರು ಬೇರೆಯವ್ರಿಗೆ ಕೊಡ್ತಾರೆ, ಅಮಾಯಿ," ಎಂದ ಲಾಮೆಕ್. ತಾಯಂದಿರನ್ನು ಅಲ್ಲಿ ಹಾಗೆಯೇ ಕರೆಯುವುದು. "ದಿನಾ ನಿಮ್ಮ ರಿಂಗ್ ನೋಡಿ ಯಾರೋ ತಿರುಗಿಸಿದಾರೆ. ಎತ್ತಿ ನೋಡಿ, ಗೊತ್ತಾಗುತ್ತೆ."

"ಎತ್ತಿದ್ರೆ ಅವಳ ಡೇಟಾ ಹೋಗುತ್ತೆ."

ಅಂದಿನಿಂದ ದಿನವೂ ಆ ಮುಖ, ಆ ಒಂದು ರಿಂಗ್. ಎತ್ತಿದ ಗಳಿಗೆ ಮಗಳು ನಿಜವಾಗಿ ಸಾಯುತ್ತಾಳೆಂದು ಎನೆಲೇಸಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಈಗ ನಾನು ಮುದಿ. ಬ್ಯಾಟರಿ ಉಬ್ಬಿ ಬೆನ್ನು ಬಿರಿದಿದೆ. ಇನ್ನು ಹೆಚ್ಚು ದಿನ ಬಾಳುವುದಿಲ್ಲ ಎಂದು ಲಾಮೆಕ್ ಹೇಳಿಬಿಟ್ಟಿದ್ದಾನೆ. ನಿನ್ನೆ ಸಂಜೆ ಮಾತ್ರ ರಿಂಗ್ ನಿಲ್ಲಲೇ ಇಲ್ಲ. ಒಂದಕ್ಕೇ ನಿಲ್ಲದ್ದು ಏನೋ ಆಪತ್ತೆಂದು ಎನೆಲೇಸಿ ಎತ್ತಿದಳು.

"ಯಾರು ನೀವು?" ಎಂದಿತು ಒಂದು ಹೆಣ್ಣು ದನಿ, ನಮ್ಮ ಹಳ್ಳಿಯದೇ ಭಾಷೆಯಲ್ಲಿ. "ದಿನಾ ಯಾಕೆ ನನ್ನ ಕರೀತೀರಿ?"

"ಊಟ ಆಯ್ತಾ, ಮಗಳೇ?"

ಆಚೆ ಏನೋ ಪಾತ್ರೆ ಕೆಳಗಿಟ್ಟ ಸದ್ದು.

"ಆಯ್ತು, ಅಮಾಯಿ."

ಅಲ್ಲಿಗೆ ಡೇಟಾ ಮುಗಿಯಿತು. ನನ್ನ ಒಡೆದ ಗಾಜಿನಲ್ಲಿ ತಿಯಾಮಿಕೆಯ ಮುಖ ಇನ್ನೂ ಆರಿರಲಿಲ್ಲ. ಎನೆಲೇಸಿ ನನ್ನನ್ನು ಮಡಿಲಲ್ಲಿ ಅವುಚಿಕೊಂಡು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು.

"ಅವಳಲ್ಲ, ಲಾಮೆಕ್," ಎಂದಳು. "ಆದ್ರೆ ಯಾರೋ ಹೆತ್ತ ಮಗು. ಊಟ ಮಾಡಿದೆಯಂತೆ."