ಮೂರನೆಯ ಮೂಲೆ

"ಉತ್ತರಕ್ಕೆ ತಿರುಗಿಸ್ರಲಾ!"

ಕಲ್ಲೇಶಪ್ಪ ಸಮಾಧಿಯ ಗುಣಿಯ ಅಂಚಿನಿಂದ ಕೂಗಿದ. ಒಳಗಿದ್ದ ಇಬ್ಬರು ಗಂಗಾಧರಯ್ಯನವರ ದೇಹವನ್ನು ಕೂತ ಭಂಗಿಯಲ್ಲೇ ಎತ್ತಿ ತಿರುಗಿಸಿದರು. ತಲೆ ವಾಲದಂತೆ ಗಲ್ಲಕ್ಕೆ ಕೊಟ್ಟ ಬಟ್ಟೆಯ ಒಂದೊಂದು ತುದಿ ಒಬ್ಬೊಬ್ಬರ ಕೈಯಲ್ಲಿತ್ತು.

"ನಮ್ಮನೆ ಪೂರ್ವಕ್ಕೈತೆ. ಅವ್ರು ಮನೆ ಕಡೀಕೇ ನೋಡ್ಬೇಕು," ಎಂದು ಎದುರು ಅಂಚಿನಿಂದ ಗಂಗಾಧರಯ್ಯನವರ ಹೆಂಡತಿ ಸುವರ್ಣಮ್ಮ ಚೀರಿದಳು.

"ನಮ್ಮಪ್ಪ, ತಾತ ಎಲ್ಲಾ ಉತ್ತರಕ್ಕೇ ಕೂತವ್ರೆ. ನನ್ ತಮ್ಮನೂ ಅಷ್ಟೇ."

ಪಾಪ, ಆ ಇಬ್ಬರು ಮತ್ತೆ ಬಗ್ಗಿದರು. ಹಣೆಯ ವಿಭೂತಿ ಎಡಗೈಯಲ್ಲಿಟ್ಟಿದ್ದ ಇಷ್ಟಲಿಂಗದ ಮೇಲೆ ಉದುರಿತು. ಐನೋರು ಬಿಲ್ವಪತ್ರೆ ಹಿಡಿದು ಎತ್ತಲೋ ನೋಡುತ್ತಿದ್ದರು.

ಮಗಳು ಶಿಲ್ಪಾಳ ಮೈಯೆಲ್ಲ ಉರಿಯುತ್ತಿತ್ತು. ಬಸ್ತಿಹಳ್ಳಿ ದಾರಿಯ ಈ ತೋಟ ಪಾಲಾದಾಗಿನಿಂದ ದೊಡ್ಡಪ್ಪ ಹೂಂ ಅಂದದ್ದಕ್ಕೆ ಅಮ್ಮ ಊಹೂಂ. ಅಪ್ಪ ಅಣ್ಣನ ಮನೆಯಲ್ಲಿ ಉಂಡು ಬಂದರೆ ಹೆಂಡತಿ ಒಲೆ ಹಚ್ಚುತ್ತಿರಲಿಲ್ಲ. ಉಣ್ಣದೆ ಬಂದರೆ ಅಣ್ಣ ಮುಖ ತಿರುಗಿಸುತ್ತಿದ್ದ. ಅಪ್ಪನಿಗೆ ಬೆನ್ನುಮೂಳೆಯೇ ಇಲ್ಲ ಎಂದು ಊರು ಆಡಿಕೊಂಡಿತ್ತು. ಶಿಲ್ಪಾಳೂ ಹಾಗೇ ಅಂದುಕೊಂಡಿದ್ದಳು.

*

ಅರಸೀಕೆರೆಯ ಕಾಲೇಜಿನಲ್ಲಿ ಅವಳಿಗೆ ಭೌತಶಾಸ್ತ್ರ ಹೇಳಿಕೊಟ್ಟದ್ದು ಅಪ್ಪನೇ. ಒಂದು ದಿನ ಬೋರ್ಡಿನ ಮೇಲೆ ತ್ರಿಕೋನ ಬರೆದರು.

"ಕೆಲವು ಹರಳುಗಳಲ್ಲಿ ಪರಮಾಣುಗಳು ಹೀಗೆ ಕೂತಿರ್ತವೆ. ಒಂದೊಂದೂ ಪುಟ್ಟ ಅಯಸ್ಕಾಂತ. ಪಕ್ಕದ್ದು ಮೇಲೆ ನೋಡಿದ್ರೆ ತಾನು ಕೆಳಗೇ ನೋಡ್ಬೇಕು ಅನ್ನೋ ಹಟ. ಇದು ಮೇಲೆ, ಇದು ಕೆಳಗೆ. ಮೂರನೇದು?"

"ಮೇಲೆ," ಅಂದಳು ಶಿಲ್ಪಾ.

"ಆಗ ಮೊದಲನೇದಕ್ಕೆ ಸಿಟ್ಟು."

"ಕೆಳಗೆ."

"ಆಗ ಎರಡನೇದಕ್ಕೆ ಸಿಟ್ಟು. ಬೇರೆ ಹರಳಾದ್ರೆ ತಣ್ಣಗಾದಾಗ ಎಲ್ಲ ಒಪ್ಪವಾಗಿ ನಿಲ್ತವೆ. ಇವು ಎಷ್ಟು ತಣ್ಣಗಾದ್ರೂ ನೆಲೆ ನಿಲ್ಲಲ್ಲ."

"ತಪ್ಪು ಆ ಮೂರನೇದ್ರದ್ದೇ ಅಲ್ವಾ?" ಬೇಕೆಂದೇ ಕೇಳಿದಳು.

ಅಪ್ಪ ಸೀಮೆಸುಣ್ಣ ಕೆಳಗಿಟ್ಟರು. "ಅದಕ್ಕೆ ಸಿಕ್ಕಿರೋ ಮೂಲೆ ಅಂಥದ್ದು ಕಣಮ್ಮ."

*

"ಇನ್ನೊಂಚೂರು ಉತ್ತರಕ್ಕೆ!"

"ಪೂರ್ವಕ್ಕೆ ಅಂದ್ನಲ್ಲ!"

ಶಿಲ್ಪಾ ಗುಣಿಗೆ ಧುಮುಕಿದಳು.

"ಅಯ್ಯೋ, ಹೆಣ್ಮಕ್ಕಳು ಇಳೀಬಾರ್ದು!" ಯಾರೋ ಅರಚಿದರು.

"ಬಾಯ್ಮುಚ್ಚಿ ಎಲ್ಲಾ!" ಅವಳ ದನಿ ಒಡೆದಿತ್ತು. "ದೊಡ್ಡಪ್ಪ, ಅಮ್ಮ, ಬದುಕಿದ್ದಾಗ ತಿರುಗಿಸಿದ್ದು ಸಾಲ್ದಾ? ಮೈ ತಣ್ಣಗಾದ ಮೇಲೂ ಬಿಡಲ್ವಾ ಅವರನ್ನ?" ಆಮೇಲೆ ಅಪ್ಪನ ಭುಜ ಹಿಡಿದಳು. ಅವರ ಮೇಲೂ ಅವಳಿಗೆ ಕೆಟ್ಟ ಕೋಪ ಬಂದಿತ್ತು. "ನೀವಾದ್ರೂ ಒಂದ್ಸಲ ಇವ್ರಿಬ್ರಿಗೂ ಉಗೀಬಾರ್ದಿತ್ತಾ?"

ಅವಳು ಆ ಇಬ್ಬರ ಕೈಯಿಂದ ಬಟ್ಟೆಯ ತುದಿಗಳನ್ನು ಕಿತ್ತುಕೊಂಡಳು.

ಗಂಗಾಧರಯ್ಯನವರ ತಲೆ ಒಂದು ಗಳಿಗೆ ಹಾಗೇ ನಿಂತಿತ್ತು. ಆಮೇಲೆ ಮೆಲ್ಲಗೆ ಎದೆಯ ಮೇಲೆ ಬಾಗಿ, ಎಡಗೈಯೊಳಗಿನ ಲಿಂಗವನ್ನು ನೋಡುತ್ತಾ ನಿಂತಿತು.