ಡಬ್ಬದೊಳಗಿನ ತಾಳ

ಸೈದಪ್ಪನ ಬೆವರು ವಿಡಿಯೋದಲ್ಲಿ ಎದ್ದು ಕಾಣುತ್ತದೆ ಎಂದು ಜಯೇಶ ಹೇಳಿದಾಗ ಅನಘ ಬಾಯಿಗೆ ಒಯ್ಯುತ್ತಿದ್ದ ಬನ್ಸನ್ನು ತಟ್ಟೆಗೆ ಇಳಿಸಿದಳು. ಬೇಲಾಪುರದಲ್ಲಿ ಅವಳ ಆಫೀಸಿನ ಕೆಳಗಿನ ಉಡುಪಿ ಹೋಟೆಲಿನಲ್ಲಿ ಇಬ್ಬರೂ ಕೂತಿದ್ದರು. ಜಯೇಶ ಭಜನೆ ತಂಡದ ಯಜಮಾನ, ಹಾಡುಗಾರ, ಫೋಟೋದಲ್ಲಿ ನಡುವೆ ನಿಲ್ಲುವವನೂ ಅವನೇ. ಈಗ ಕಾಲೇಜು ಮಕ್ಕಳೂ ಟಿಕೆಟ್ ತೆಗೆದು ಭಜನೆಗೆ ಬಂದು ಕುಣಿಯುವ ಕಾಲವಲ್ಲವೇ. ತಂಡಕ್ಕೆ ಕೀಬೋರ್ಡು ಬಂತು, ಬಣ್ಣದ ದೀಪ ಬಂತು, ಅನಘಳ ಬೇಸ್ ಗಿಟಾರೂ ಬಂತು. ಢೋಲಕ್ ಮಾತ್ರ ಮೊದಲಿನಿಂದಲೂ ಕಲಬುರಗಿಯ ಸೈದಪ್ಪನದು. ತುರ್ಭೆಯ ಗೋದಾಮಿನಲ್ಲಿ ಮೂಟೆ ಇಳಿಸಿ, ಅದೇ ಅಂಗಿಯಲ್ಲಿ ಬಂದು ಕೂರುತ್ತಿದ್ದ.

"ಅವ್ರಿಗೆ ಬರುದು ಬೇಡ ಅಂತ ಹೇಳಿ ಆಯ್ತು ಮಾರಾಯ್ತಿ. ಠಾಣೆ ಪ್ರೋಗ್ರಾಮಿಗೆ ನಿನ್ನ ಆಂಪ್ ಸಾಕು. ಅದ್ರಲ್ಲಿ ರೆಡಿ ರಿದಮ್ ಉಂಟಲ್ಲ?"

ಇತ್ತು. ಕಾಮೋಠೆಯ ಫ್ಲಾಟಿನಲ್ಲಿ ಒಬ್ಬಳೇ ಅಭ್ಯಾಸ ಮಾಡುವುದಕ್ಕೆಂದು ತಂದ, ಗಿಟಾರಿನ ದನಿ ಹೊರಡಿಸುವ ಪುಟ್ಟ ಆಂಪ್ ಅದು. ಒಂದು ಗುಂಡಿ ಒತ್ತಿದರೆ ಒಳಗಿನಿಂದ ಡ್ರಮ್ಮು ಶುರುವಾಗುತ್ತದೆ, ಇನ್ನೊಂದನ್ನು ತಿರುಗಿಸಿದರೆ ಅದರ ವೇಗ ಹೆಚ್ಚುತ್ತದೆ. ಬೇಸ್ ನುಡಿಸುವವರು ಬೆರಳು ಪಳಗಿಸಿಕೊಳ್ಳಲಿ ಎಂದು ಇಟ್ಟ ಏರ್ಪಾಡು. ಮನೆಯಲ್ಲಿ ಅದು ಒಳ್ಳೆಯ ಜೊತೆಗಾರನೇ. ಮನುಷ್ಯನನ್ನು ಎಬ್ಬಿಸಿ ಅವನ ಜಾಗದಲ್ಲಿ ಅದನ್ನು ಕೂರಿಸುವುದೆಂದರೆ ಮಾತ್ರ ಅವಳಿಗೆ ಹೇಸಿಗೆಯಾಯಿತು. ಅದಕ್ಕಿಂತ ಹೇಸಿಗೆಯಾದದ್ದು ತಾನು ತುಟಿ ಪಿಟ್ಟೆನ್ನದೆ ಕೂತದ್ದಕ್ಕೆ. ಹುಡುಗಿ ಬೇಸ್ ನುಡಿಸುತ್ತಾಳೆಂದರೆ ಮೂಗು ಮುರಿಯುವ ತಂಡಗಳನ್ನೆಲ್ಲ ಸುತ್ತಿ ಸುತ್ತಿ, ಕೊನೆಗೆ ಸ್ಟೇಜ್ ಹತ್ತಲು ಸಿಕ್ಕಿದ ಜಾಗ ಇದೊಂದೇ. ಜಗಳಕ್ಕೆ ನಿಂತರೆ ಇದೂ ಕೈ ತಪ್ಪುತ್ತದೆ.

"ಉಂಟು," ಎಂದಳು.

ಮರುದಿನ ಸೈದಪ್ಪನ ಫೋನು. "ತಂಗಿ, ಜಯೇಶಣ್ಣ ಬರಬ್ಯಾಡ ಅಂದ್ರು. ನನ್ ಕಡಿಂದ ಏನರೆ ತಪ್ಪಾಗ್ಯಾದೇನು?"

"ನಂಗೆ ಗೊತ್ತಿಲ್ಲ ಅಣ್ಣ."

ಗೊತ್ತಿದ್ದೂ ಹಾಗೆಂದಳು. ಫೋನಿಟ್ಟ ಮೇಲೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಅನ್ನಿಸಿತು.

ಠಾಣೆಯ ಸಭಾಂಗಣದಲ್ಲಿ ಆಂಪಿನಿಂದ ದೊಡ್ಡ ಸ್ಪೀಕರುಗಳಿಗೆ ವಯರು ಎಳೆದರು. ಸೆಂಟಿನ ಘಾಟು, ಎತ್ತಿ ಹಿಡಿದ ಫೋನುಗಳು. ಮೊದಲ ಹಾಡುಗಳು ಸಲೀಸಾಗಿ ಸಾಗಿದವು. ಆಂಪಿನ ಡಬ್ಬ ಟಕ ಟಕ ಎನ್ನುತ್ತಿತ್ತು, ಜಯೇಶ ಅವಳ ಕಡೆ ಕಣ್ಣು ಹೊಡೆದ. ಅವಳು ತಂತಿಗಳ ಕಡೆ ಮುಖ ತಿರುಗಿಸಿಕೊಂಡಳು.

ಎಡವಟ್ಟಾದದ್ದು ಕೊನೆಯ ನಾಮಾವಳಿಯಲ್ಲಿ. ಅದನ್ನು ಮೆಲ್ಲಗೆ ಎತ್ತಿಕೊಂಡು, ಏರಿಸುತ್ತಾ ಏರಿಸುತ್ತಾ ಉಸಿರು ಕಟ್ಟುವ ಹಾಗೆ ಮುಗಿಸುವುದು ರೂಢಿ. ಸೈದಪ್ಪನಾದರೆ ಮುಂದಿನ ಸಾಲಿನ ಹೆಂಗಸರ ಅಂಗೈಗಳನ್ನೇ ನೋಡುತ್ತಾ ಏರಿಸುತ್ತಿದ್ದ. ಡಬ್ಬಕ್ಕೆ ಕಣ್ಣೆಲ್ಲಿಯದು? ಖಾಲಿ ಕೋಣೆಯಲ್ಲಿ ರಿಹರ್ಸಲ್ ಮಾಡಿದ ಜಯೇಶನಿಗೆ, ಚಪ್ಪಾಳೆ ಹೊಡೆಯುವವರು ಯಾರಪ್ಪಣೆಗೂ ಕಾಯುವುದಿಲ್ಲ ಎಂಬುದು ಹೊಳೆದೇ ಇರಲಿಲ್ಲ. ಚಪ್ಪಾಳೆ ಮುಂದೆ ಓಡಿತು, ಡ್ರಮ್ಮು ಹಿಂದೆ ಉಳಿಯಿತು, ನಡುವೆ ಜಯೇಶನ ನಾಲಗೆ ತೊಡರಿತು. ಅವನ ರೇಷ್ಮೆ ಜುಬ್ಬವೂ ಈಗ ಬೆವರಿಗೆ ಬೆನ್ನಿಗಂಟಿತ್ತು. ಅದು ವಿಡಿಯೋದಲ್ಲಿ ಕಂಡರೆ ಭಕ್ತಿ!

"ಸ್ಪೀಡ್ ಬಢಾವ್ ಯಾರ್, ಗುಂಡಿ ತಿರುಗ್ಸು!" ಎಂದು ಹಲ್ಲು ಕಚ್ಚಿ ಅಂದ.

ಬೇಸ್ ನುಡಿಸಲು ಎರಡೂ ಕೈ ಬೇಕು. ಅವಳು ತಂತಿಯಿಂದ ಬಲಗೈ ತೆಗೆದು, ಬಗ್ಗಿ ಗುಂಡಿ ತಿರುಗಿಸಿದಳು. ಬೇಸ್ ನಿಂತಿತು. ಮತ್ತೆ ತಂತಿಗೆ ಕೈ ಹಚ್ಚುವಷ್ಟರಲ್ಲಿ ಚಪ್ಪಾಳೆ ಇನ್ನೂ ಮುಂದೆ ಹೋಗಿತ್ತು. ಮತ್ತೆ ಬಗ್ಗಿದಳು. ಆಮೇಲೆ ಏಳುವ ಗೋಜಿಗೇ ಹೋಗದೆ ಆಂಪಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಸೈದಪ್ಪ ಮಾಡುತ್ತಿದ್ದಂತೆ ಹೆಂಗಸರ ಅಂಗೈ ನೋಡಿಕೊಂಡು ಒಂದೊಂದೇ ಎಳೆಯಷ್ಟು ಏರಿಸುತ್ತಾ ಹೋದಳು. ಗಿಟಾರು ಕೊರಳಲ್ಲಿ ಸುಮ್ಮನೆ ನೇತಾಡುತ್ತಿತ್ತು. ಜನ ಎದ್ದು ಕುಣಿದರು. ಅಷ್ಟು ದೊಡ್ಡ ಸಭೆಯಲ್ಲಿ ಬೇಸ್ ಎಲ್ಲಿ ಹೋಯಿತೆಂದು ಒಬ್ಬರಾದರೂ ತಿರುಗಿ ನೋಡಿಯಾರು ಎಂದು ಅವಳು ಕಾದಳು. ಯಾರೂ ನೋಡಲಿಲ್ಲ. ಇವರನ್ನೆಲ್ಲ ಮೆಚ್ಚಿಸುವುದಕ್ಕೇ ಅಲ್ಲವೇ ಆ ಬಡಪಾಯಿಗೆ ಸುಳ್ಳು ಹೇಳಿದ್ದು!

ಮುಗಿದ ಮೇಲೆ ಜಯೇಶ ಹಲ್ಲು ಕಿರಿಯುತ್ತಾ ಬಂದ. "ಏನು ಎನರ್ಜಿ ಮಾರಾಯ್ತಿ! ನೆಕ್ಸ್ಟ್ ಪ್ರೋಗ್ರಾಮ್ ಕಲ್ಯಾಣದಲ್ಲಿ. ನೀನು ಬೇಸ್ ತರುದೇ ಬೇಡ. ಆ ಲೋಕಲ್ ಟ್ರೇನಿನ ರಶ್ಶಲ್ಲಿ ಸುಮ್ನೆ ಯಾಕೆ ಹೊರುದು? ಡಬ್ಬದ ಹತ್ರ ಕೂತು ಗುಂಡಿ ನೋಡ್ಕೊಂಡ್ರೆ ಸಾಕು."

ಅನಘಳಿಗೆ ಮೈಯೆಲ್ಲ ಉರಿದುಹೋಯಿತು. ಥೂ ನಿನ್ನ, ಎಂದು ಶುರು ಮಾಡಿ ಸೈದಪ್ಪನ ಹೆಸರು ಹಿಡಿದು ಇವನ ನೀರಿಳಿಸಬೇಕೆಂದು ಬಾಯಿ ತೆರೆದಳು.

"ಎಷ್ಟೊತ್ತಿಗೆ ಬರ್ಬೇಕು?" ಎಂದು ಕೇಳಿದ ದನಿ ತನ್ನದೇ ಎಂದು ಗುರುತಿಸಲು ಅವಳಿಗೆ ತುಸು ಹೊತ್ತು ಬೇಕಾಯಿತು.